ಸೋತ ತಿದ್ದುಪಡಿಯ ಬೆಲೆ

(ಭೋರಿನಲ್ಲಿ ನಡೆದ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಿಂತವನು ಗೆದ್ದವರ ಕಥೆ ಹೇಳುವುದು ವಾಡಿಕೆ. ಹಂಚಿಹೋಗಿದ್ದ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಅದಕ್ಕಾಗಿ ದುಡಿದ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯ. ಅವರಿಗೆ ಮೊದಲು ನಮಸ್ಕಾರ ಸಲ್ಲಿಸುತ್ತೇನೆ. ಆದರೆ ಈ ದಿನ ನಾನು ತಮ್ಮ ಮುಂದೆ ಹೇಳಬೇಕೆಂದಿರುವುದು ಸೋತವರ ಕಥೆ. ಸೋತವರೆಂದರೆ ಚುನಾವಣೆಯಲ್ಲಿ ಸೋತವರಲ್ಲ. ಸಭೆಯೊಳಗೆ ಕುಳಿತು, ಎದ್ದುನಿಂತು ಮಾತನಾಡಿ, ಕೈ ಎಣಿಸುವ ಹೊತ್ತಿಗೆ ಸೋತವರು. ಅಂಥವರಲ್ಲಿ ಒಬ್ಬರು ನಮ್ಮ ಮಂಗಳೂರಿನಲ್ಲಿ ಹುಟ್ಟಿ, ನರ್ಮದೆಯ ದಡದ ಜನರ ಪ್ರತಿನಿಧಿಯಾದ ಹರಿ ವಿಷ್ಣು ಕಾಮತ್.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇವರ ಪಾಲಿಗೆ ಎರಡು ಕಡೆಯಿಂದಲೂ ನಿಜವಾಯಿತು. ಊರಿನವರು, ಬಿಟ್ಟುಹೋದರಲ್ಲ ಎಂದು ಮರೆತರು; ಹೋದ ಊರಿನವರು, ಹೊರಗಿನಿಂದ ಬಂದವರಲ್ಲವೆ ಎಂದು ಮೆಲ್ಲಗೆ ಮರೆತರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ನೀರಾ ನದಿಯ ದಡದ ಈ ಭೋರಿನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಇಂಥ ಮರೆವು ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿರೋಧಪಕ್ಷದ ಸದಸ್ಯನ ಕೆಲಸವೇನು ಎಂದು ಕೇಳಿದರೆ, ಬೇಡ ಎನ್ನುವುದೇ ಅವನ ಕೆಲಸ ಎಂದು ಅನೇಕರು ಹೇಳುತ್ತಾರೆ. ಇದು ಅರ್ಧ ಸತ್ಯ. ನಾವು ಹೊಸ ಊರಿಗೆ ಬಂದು ಮನೆ ಬಾಡಿಗೆಗೆ ಹಿಡಿಯುವಾಗ ಕರಾರುಪತ್ರ ಬರೆಯಿಸುತ್ತೇವೆ. ಮನೆಯ ಯಜಮಾನರು ಒಳ್ಳೆಯವರು, ನಾವೂ ಒಳ್ಳೆಯವರು. ಆದ್ದರಿಂದ ಓದದೆಯೇ ರುಜು ಮಾಡಿಬಿಡೋಣ ಎಂದು ಮನಸ್ಸು ಹೇಳುತ್ತದೆ. ಆಗ ಜೊತೆಗೆ ಬಂದ ಒಬ್ಬ ಹಿರಿಯರು ಕನ್ನಡಕ ಏರಿಸಿ, ‘ಸ್ವಲ್ಪ ತಾಳಿ, ಈ ಏಳನೆಯ ಕಲಮಿನ ಅರ್ಥವೇನು? ನಾಳೆ ಈ ಮನೆ ಬೇರೆಯವರ ಕೈಗೆ ಹೋದರೆ ಇದೇ ಕಲಮು ಏನು ಮಾಡೀತು?’ ಎಂದು ಕೇಳುತ್ತಾರೆ. ಎಲ್ಲರಿಗೂ ಬೇಸರ. ಹೊತ್ತಾಯಿತು, ಲಾರಿ ಬಂದು ನಿಂತಿದೆ. ಆದರೂ ಆ ಹಿರಿಯರು ಕೇಳುತ್ತಾರೆ. ಶಾಸನಸಭೆಯಲ್ಲಿ ಪ್ರತಿಪಕ್ಷದ ಒಳ್ಳೆಯ ಸದಸ್ಯನೆಂದರೆ ಆ ಹಿರಿಯರೇ. ಇಂದಿನ ಯಜಮಾನನನ್ನು ಅವನು ದ್ವೇಷಿಸುತ್ತಾನೆಂದಲ್ಲ. ನಾಳಿನ ಯಜಮಾನ ಯಾರೋ ಗೊತ್ತಿಲ್ಲವೆಂಬುದನ್ನು ಅವನು ಮರೆಯುವುದಿಲ್ಲ.

ಈ ಕಲೆಗೆ ನಮ್ಮ ದೇಶದಲ್ಲಿ ಗುರುಮನೆ ಯಾವುದೆಂದು ಕೇಳಿದರೆ ದೂರ ಹೋಗಬೇಕಾಗಿಲ್ಲ. ಪುಣೆಗೆ ಹೋದರೆ ಸಾಕು. ಗೋಪಾಲಕೃಷ್ಣ ಗೋಖಲೆಯವರು 1902ರ ಮಾರ್ಚ್ 26ರಂದು ಕಲ್ಕತ್ತೆಯ ಸಾಮ್ರಾಜ್ಯ ಶಾಸನಸಭೆಯಲ್ಲಿ ತಮ್ಮ ಮೊದಲನೆಯ ಆಯವ್ಯಯ ಭಾಷಣ ಮಾಡಿದರು. ಸರ್ಕಾರ ಕೋಟ್ಯಂತರ ಹಣ ಉಳಿದಿದೆಯೆಂದು ಹೆಮ್ಮೆಪಟ್ಟಾಗ, ಬಡವರ ನಾಡಿನಲ್ಲಿ ಬೊಕ್ಕಸಕ್ಕೆ ಹಣ ಉಳಿದಿದೆಯೆಂದರೆ ತೆರಿಗೆ ಮಿತಿಮೀರಿದೆ ಎಂದೇ ಅರ್ಥ ಎಂದು ಅವರು ಲೆಕ್ಕ ಬಿಡಿಸಿ ತೋರಿಸಿದರು. ಆ ಸಭೆಯಲ್ಲಿ ಸರ್ಕಾರದ ಕಡೆಯವರೇ ಹೆಚ್ಚು. ಮತ ಹಾಕಿ ಗೆಲ್ಲುವ ಆಸೆ ಯಾರಿಗೂ ಇರಲಿಲ್ಲ. ಆದರೂ ಅವರು ವರ್ಷ ವರ್ಷವೂ ಉಪ್ಪಿನ ತೆರಿಗೆಯ ಮಾತೆತ್ತಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಆ ತೆರಿಗೆ 1903ರಲ್ಲಿ ಎರಡು ರೂಪಾಯಿಗೂ, 1907ರ ಹೊತ್ತಿಗೆ ಒಂದು ರೂಪಾಯಿಗೂ ಇಳಿಯಿತು.

ಇನ್ನೊಂದು ಕಥೆ ಅದಕ್ಕಿಂತ ದೊಡ್ಡದು. 1911ರ ಮಾರ್ಚ್ 16ರಂದು ಗೋಖಲೆಯವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದರು. ಹೆಜ್ಜೆ ಹೆಜ್ಜೆಯಾಗಿಯಾದರೂ ಮಕ್ಕಳ ಓದನ್ನು ಕಡ್ಡಾಯ ಮಾಡೋಣ ಎಂಬುದು ಅದರ ಸಾರ. 1912ರ ಮಾರ್ಚ್‌ನಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 13, ವಿರುದ್ಧವಾಗಿ 38. ಮಸೂದೆ ಬಿದ್ದುಹೋಯಿತು. ಗೋಖಲೆಯವರು 1915ರ ಫೆಬ್ರವರಿ 19ರಂದು ಪುಣೆಯಲ್ಲಿ ಕಣ್ಣುಮುಚ್ಚಿದರು. ಅವರು ಕೇಳಿದ್ದು ಮುಂದೆ 1950ರ ನಮ್ಮ ಸಂವಿಧಾನದಲ್ಲಿ ರಾಜ್ಯನೀತಿಯ ನಿರ್ದೇಶವಾಗಿ ಬಂತು. 2002ರ ತಿದ್ದುಪಡಿಯಿಂದ ಮೂಲಭೂತ ಹಕ್ಕಾಯಿತು. 2009ರಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆಯಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹದಿಮೂರು ಕೈಗಳು ಎತ್ತಿಹಿಡಿದ ಮಾತು ನೂರು ವರ್ಷಕ್ಕೆ ಎರಡು ಕಡಿಮೆಯಾಗುವಷ್ಟು ಕಾಲ ಕಾದಿತ್ತು. ಇಂದು ನಮ್ಮ ಕೆಲಸದಾಳುಗಳ ಮಕ್ಕಳು ಭೋರಿನ ಶಾಲೆಯ ಬಾಗಿಲಲ್ಲಿ ನಿಂತು, ಒಳಗೆ ಬಿಡಿ ಎಂದು ಬೇಡಬೇಕಾಗಿಲ್ಲ; ನಮ್ಮ ಹಕ್ಕು ಎಂದು ಹೇಳಬಹುದು. ಗೋಖಲೆಯವರ ಹೆಸರಿನ ಸಂಸ್ಥೆಯೊಂದನ್ನು ನಮ್ಮ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ಸುಮ್ಮನೆ ಅಲ್ಲ. ಲೆಕ್ಕ ನೋಡಿ, ಓದಿ, ತೂಗಿ ಮಾತನಾಡುವ ಆ ಪದ್ಧತಿ ನಮ್ಮ ನಾಡಿಗೂ ಬೇಕೆಂದು ಅವರು ಕಂಡುಕೊಂಡಿದ್ದರು.

ಈಗ ಕಾಮತರ ವಿಷಯಕ್ಕೆ ಬರುತ್ತೇನೆ. ಅವರು ಹುಟ್ಟಿದ್ದು 1907ರಲ್ಲಿ. ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ಓದಿನಲ್ಲಿ ಮುಂದಾಗಿದ್ದ ಅವರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಧ್ಯಪ್ರಾಂತದಲ್ಲಿ ಅಧಿಕಾರಿಯಾದರು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ನೌಕರಿ ಇನ್ನೊಂದಿರಲಿಲ್ಲ. 1938ರಲ್ಲಿ ಅದನ್ನು ಬಿಟ್ಟುಬಿಟ್ಟರು; ಸುಭಾಷಚಂದ್ರ ಬೋಸರ ಜೊತೆ ಸೇರಿ, ಅವರು ಕಟ್ಟಿದ ಫಾರ್ವರ್ಡ್ ಬ್ಲಾಕಿನಲ್ಲಿ ದುಡಿದರು. ಸ್ವಾತಂತ್ರ್ಯ ಹತ್ತಿರ ಬಂದು ಸಂವಿಧಾನ ರಚನಾಸಭೆ ಸೇರಿದಾಗ ಮಧ್ಯಪ್ರಾಂತ ಮತ್ತು ಬೇರಾರ್ ಕಡೆಯಿಂದ ಅದರ ಸದಸ್ಯರಾದರು. ಹೀಗೆ ಮಂಗಳೂರಿನವರೊಬ್ಬರು ಬೇರೆ ಭಾಷೆಯ ಪ್ರಾಂತವೊಂದರ ಪರವಾಗಿ ದೇಶದ ಸಂವಿಧಾನ ಬರೆಯುವ ಸಭೆಯಲ್ಲಿ ಕುಳಿತರು.

ಆ ಸಭೆಯಲ್ಲಿ ಇಂದಿನ ಅರ್ಥದ ವಿರೋಧಪಕ್ಷವಿರಲಿಲ್ಲ. 1946ರ ಡಿಸೆಂಬರ್ 9ರಂದು ಸೇರಿದ ಸಭೆ ಎರಡು ವರ್ಷ ಹನ್ನೊಂದು ತಿಂಗಳು ಹದಿನೇಳು ದಿನ ಕೆಲಸ ಮಾಡಿತು. ಕರಡಿಗೆ ಬಂದ ತಿದ್ದುಪಡಿಗಳ ಸೂಚನೆ ಸುಮಾರು 7,635. ಅವುಗಳಲ್ಲಿ ಸಭೆಯಲ್ಲಿ ಮಂಡಿತವಾದವು 2,473. ಬಹುಪಾಲು ವಿಷಯಗಳು ದೊಡ್ಡ ಪಕ್ಷದ ಒಳಕೂಟದಲ್ಲಿಯೇ ತೀರ್ಮಾನವಾಗಿ ಬರುತ್ತಿದ್ದವು. ಹೀಗಿರಲಾಗಿ, ಸಭೆಯೊಳಗೆ ಎದ್ದು ‘ಈ ಪದ ಏಕೆ? ಆ ಪದ ಏಕಿಲ್ಲ?’ ಎಂದು ಕೇಳುವುದು ಎಲ್ಲರಿಗೂ ರುಚಿಸುವ ಮಾತಾಗಿರಲಿಲ್ಲ. ಕಾಮತರು ಕೇಳಿದರು. ನಡಾವಳಿಯ ಸಂಪುಟಗಳನ್ನು ತೆರೆದರೆ ಪುಟ ಪುಟಕ್ಕೂ ಅವರ ಹೆಸರು ಸಿಗುತ್ತದೆ.

ಎರಡು ಉದಾಹರಣೆ ಕೊಡುತ್ತೇನೆ. 1949ರ ಸೆಪ್ಟೆಂಬರ್ 18ರಂದು ದೇಶದ ಹೆಸರಿನ ಪ್ರಶ್ನೆ ಬಂತು. ಕರಡಿನಲ್ಲಿ ‘ಇಂಡಿಯಾ, ಅಂದರೆ ಭಾರತ’ ಎಂದು ಇತ್ತು. ಹುಟ್ಟಿದ ಕೂಸಿಗೆ ನಾಮಕರಣ ಮಾಡುವುದು ಲೋಕರೂಢಿ, ನಮ್ಮ ಗಣರಾಜ್ಯಕ್ಕೂ ಅದನ್ನು ಸರಿಯಾಗಿ ಮಾಡೋಣ ಎಂದು ಹೇಳಿ, ಭಾರತ ಎಂಬುದೇ ಮೊದಲು ಬರಲಿ, ಇಂಡಿಯಾ ಎಂಬುದು ಇಂಗ್ಲಿಷಿನಲ್ಲಿ ಅದರ ಹೆಸರೆಂದಿರಲಿ ಎಂದು ಕಾಮತರು ತಿದ್ದುಪಡಿ ತಂದರು. ಮತ ಎಣಿಸಿದಾಗ ಪರವಾಗಿ 38, ವಿರುದ್ಧವಾಗಿ 51. ಸೋತರು.

ಅದೇ ವರ್ಷ ಅಕ್ಟೋಬರ್ 17ರಂದು ಪೀಠಿಕೆಯ ಚರ್ಚೆ. ದೇವರ ಹೆಸರಿನಲ್ಲಿ ಎಂಬ ಮಾತಿನಿಂದ ಪೀಠಿಕೆ ಆರಂಭವಾಗಲಿ ಎಂದು ಕಾಮತರ ತಿದ್ದುಪಡಿ. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟು ನಮಗೆ ಬೇಡ ಎಂದು ಪೂರ್ಣಿಮಾ ಬ್ಯಾನರ್ಜಿಯವರು ಬಿನ್ನವಿಸಿಕೊಂಡರು. ಪಂಡಿತ ಹೃದಯನಾಥ ಕುಂಜ್ರು, ಶ್ರದ್ಧೆ ಪ್ರತಿಯೊಬ್ಬನ ಸ್ವಂತ ವಿಷಯ, ಅದನ್ನು ಎಲ್ಲರ ಮೇಲೂ ಹೊರಿಸಬಾರದು ಎಂದು ವಿರೋಧಿಸಿದರು. ಈ ಕುಂಜ್ರು ಯಾರೆಂದರೆ, ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಅಧ್ಯಕ್ಷರು. ಮುಂದೆ ರಾಜ್ಯಸಭೆಯಲ್ಲಿಯೂ ಪಕ್ಷವಿಲ್ಲದೆ ಕುಳಿತು ಸರ್ಕಾರವನ್ನು ಪ್ರಶ್ನಿಸಿದವರು. ಕಾಮತರು ಮತಗಣನೆಯನ್ನೇ ಕೇಳಿದರು. ಪರವಾಗಿ 41, ವಿರುದ್ಧವಾಗಿ 68. ಮತ್ತೆ ಸೋತರು.

ಈ ಎರಡನೆಯ ಉದಾಹರಣೆಯನ್ನು ಬೇಕೆಂದೇ ಹೇಳಿದೆ. ಸೋತ ತಿದ್ದುಪಡಿಗಳೆಲ್ಲ ಸರಿಯಾದವೆಂದು ನಾನು ವಾದಿಸುವುದಿಲ್ಲ. ಎಲ್ಲ ಶ್ರದ್ಧೆಯವರಿಗೂ, ಶ್ರದ್ಧೆಯಿಲ್ಲದವರಿಗೂ ಒಂದೇ ಸಂವಿಧಾನವಿರಬೇಕಾದಲ್ಲಿ ಕುಂಜ್ರು ಹೇಳಿದ್ದೇ ಸರಿಯೆಂದು ನನಗೆ ತೋರುತ್ತದೆ. ವಿರೋಧಿಸುವವನಿಗೂ ವಿರೋಧವಿರಬೇಕು. ಆದರೆ ಪ್ರಶ್ನೆ ಎತ್ತಿದ್ದರಿಂದಲೇ ಅದಕ್ಕೆ ಉತ್ತರವೂ ನಡಾವಳಿಯಲ್ಲಿ ದಾಖಲಾಯಿತು. ಪೀಠಿಕೆಯಲ್ಲಿ ದೇವರ ಹೆಸರು ಏಕಿಲ್ಲ ಎಂದು ಇಂದು ಒಬ್ಬ ಹುಡುಗ ಕೇಳಿದರೆ, ಅಂದು ಸಭೆ ಯೋಚಿಸಿಯೇ ಹಾಗೆ ಮಾಡಿತು ಎಂದು ಪುಟ ತೆರೆದು ತೋರಿಸಬಹುದು. ಕೇಳುವವರೇ ಇಲ್ಲದಿದ್ದರೆ ಆ ಪುಟ ಖಾಲಿಯಾಗಿರುತ್ತಿತ್ತು.

ಇನ್ನು ಮುಖ್ಯ ವಿಷಯ. 1949ರ ಆಗಸ್ಟ್ ತಿಂಗಳಲ್ಲಿ ತುರ್ತುಪರಿಸ್ಥಿತಿಯ ಅಧ್ಯಾಯ ಸಭೆಯ ಮುಂದೆ ಬಂತು. ಕರಡಿನ 280ನೆಯ ಕಲಮು, ಈಗಿನ 359ನೆಯದು, ಹೇಳುತ್ತಿದ್ದುದು ಇಷ್ಟು: ತುರ್ತುಪರಿಸ್ಥಿತಿ ಘೋಷಣೆಯಾಗಿರುವಾಗ, ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಅಧಿಕಾರವನ್ನೇ ರಾಷ್ಟ್ರಪತಿಗಳು ಆಜ್ಞೆಯ ಮೂಲಕ ಅಮಾನತಿನಲ್ಲಿಡಬಹುದು. ಎಂದರೆ, ಹಕ್ಕು ಕಾಗದದ ಮೇಲಿರುತ್ತದೆ. ಅದನ್ನು ಕೇಳಲು ಹೋಗುವ ಬಾಗಿಲು ಮಾತ್ರ ಮುಚ್ಚಿರುತ್ತದೆ.

ಇದನ್ನು ಸಮರ್ಥಿಸಿದವರು ಕೆಟ್ಟವರಲ್ಲ. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್‌ರಂಥ ಮೇಧಾವಿಗಳು, ದೇಶವೇ ಉಳಿಯದಿದ್ದರೆ ಹಕ್ಕು ಎಲ್ಲಿ ಉಳಿದೀತು ಎಂಬ ದೃಷ್ಟಿಯಿಂದ ನೋಡಿದರು. ಕಾಲವೂ ಹಾಗೆಯೇ ಇತ್ತು. ದೇಶವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ, ಕಾಶ್ಮೀರದಲ್ಲಿ ಯುದ್ಧವಾಗಿತ್ತು, ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ನಡೆದು ವರ್ಷವೂ ತುಂಬಿರಲಿಲ್ಲ. ನಮ್ಮ ಬೀದರ್, ಗುಲ್ಬರ್ಗ, ರಾಯಚೂರುಗಳ ಹಿರಿಯರಿಗೆ ಆ ದಿನಗಳ ಭಯ ಗೊತ್ತಿತ್ತು.

ಕಾಮತರೂ ದೇಶಕ್ಕೆ ಅಪಾಯವಿಲ್ಲವೆನ್ನಲಿಲ್ಲ. ಅವರ ಪ್ರಶ್ನೆ ಬೇರೆಯಾಗಿತ್ತು. ಈ ಬೀಗದ ಕೈ ಇಂದು ಒಳ್ಳೆಯವರ ಹತ್ತಿರ ಇದೆ, ಸರಿ; ನಾಳೆ ಯಾರ ಹತ್ತಿರ ಇರುತ್ತದೆ? ಜರ್ಮನಿಯ ವೈಮರ್ ಸಂವಿಧಾನದಲ್ಲಿಯೂ ಇಂಥದೊಂದು ಕಲಮು ಇತ್ತು, ಪ್ರಜಾಪ್ರಭುತ್ವವನ್ನು ಕಾಪಾಡುವುದಕ್ಕೆಂದೇ ಬರೆದದ್ದು. ಆ ದಾರಿಯಿಂದಲೇ ಹಿಟ್ಲರನು ಒಳಗೆ ಬಂದನಲ್ಲವೆ ಎಂದು ಅವರು ನೆನಪಿಸಿದರು. ಈ ಒಂದೇ ಅಧ್ಯಾಯದಿಂದ ನಾವು ಪೊಲೀಸ್ ರಾಜ್ಯಕ್ಕೆ ಅಡಿಪಾಯ ಹಾಕುತ್ತಿದ್ದೇವೆಂಬ ಭಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕುಂಜ್ರು ಮೊದಲಾದವರೂ ಈ ಅಧ್ಯಾಯದ ಚರ್ಚೆಯಲ್ಲಿ ತಮ್ಮ ಆತಂಕ ತೋಡಿಕೊಂಡರು. ಆಗಸ್ಟ್ 20ರಂದು ಕಲಮು ಅಂಗೀಕಾರವಾಯಿತು. ಆದೊಡನೆ ಕಾಮತರು ಎದ್ದು, ಇದು ದುಃಖದ ದಿನ, ನಾಚಿಕೆಯ ದಿನ, ಭಾರತದ ಜನರನ್ನು ದೇವರೇ ಕಾಪಾಡಬೇಕು ಎಂಬರ್ಥದ ಮಾತನ್ನಾಡಿದರು. ಕೆಲವರಿಗೆ ಅದು ಅತಿಯಾದ ಮಾತೆಂದು ತೋರಿರಬಹುದು.

ಇಪ್ಪತ್ತಾರು ವರ್ಷ ಕಳೆಯಿತು. 1975ರ ಜೂನ್ 25ರ ರಾತ್ರಿ ದೇಶದೊಳಗಿನ ಕ್ಷೋಭೆಯ ಕಾರಣ ಕೊಟ್ಟು ತುರ್ತುಪರಿಸ್ಥಿತಿಯನ್ನು ಘೋಷಿಸಲಾಯಿತು. ಎರಡು ದಿನಗಳಲ್ಲಿಯೇ, ಕಾಮತರು ಬೆರಳಿಟ್ಟು ತೋರಿಸಿದ್ದ ಅದೇ 359ನೆಯ ಕಲಮಿನ ಕೆಳಗೆ ಆಜ್ಞೆ ಹೊರಟಿತು. ಸಮಾನತೆಯ ಹಕ್ಕು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು, ಬಂಧಿತನ ಹಕ್ಕು ಇವುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿರಲಿಲ್ಲ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಿರೋಧಪಕ್ಷದ ನಾಯಕರನ್ನು ಅಲ್ಲಿಯೇ ಬಂಧಿಸಲಾಯಿತು. ನಮ್ಮ ಪುಣೆಯ ಯರವಡಾ ಸೆರೆಮನೆಯೂ ತುಂಬಿತು. ಬಂಧಿತರು ಉಚ್ಚ ನ್ಯಾಯಾಲಯಗಳಿಗೆ ಮೊರೆಹೋದರು. ಕರ್ನಾಟಕದ ಉಚ್ಚ ನ್ಯಾಯಾಲಯವೂ ಸೇರಿ ಹಲವು ನ್ಯಾಯಾಲಯಗಳು, ಅರ್ಜಿಯನ್ನು ಕೇಳುತ್ತೇವೆ ಎಂದವು. ಸರ್ಕಾರ ದೆಹಲಿಗೆ ಮೇಲ್ಮನವಿ ಒಯ್ದಿತು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಸರ್ಕಾರದ ಪರವಾಗಿ ತೀರ್ಪಿತ್ತರು. ಒಬ್ಬರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ, ಒಪ್ಪಲಿಲ್ಲ. ಆ ಮೊಕದ್ದಮೆ ಜಬಲ್ಪುರದ ಹೆಸರಿನಿಂದ ಪ್ರಸಿದ್ಧವಾಗಿದೆ. ಜಬಲ್ಪುರವೂ ನರ್ಮದೆಯ ದಡದಲ್ಲಿದೆ. ಕಾಮತರನ್ನು ಆರಿಸಿ ಕಳುಹಿಸಿದ ಹೋಶಂಗಾಬಾದ್, ಈಗಿನ ನರ್ಮದಾಪುರಂ, ಅದೇ ನದಿಯ ಕೆಳಗಿನ ದಡದಲ್ಲಿದೆ.

1977ರಲ್ಲಿ ಚುನಾವಣೆ ನಡೆದು ಜನರು ತೀರ್ಪು ಕೊಟ್ಟರು. ಎಪ್ಪತ್ತರ ಹೊಸ್ತಿಲಲ್ಲಿದ್ದ ಕಾಮತರನ್ನು ಹೋಶಂಗಾಬಾದಿನವರು ಮತ್ತೆ ಲೋಕಸಭೆಗೆ ಕಳುಹಿಸಿದರು. ಆ ಲೋಕಸಭೆ ಇದ್ದಾಗಲೇ ಸಂವಿಧಾನದ 44ನೆಯ ತಿದ್ದುಪಡಿ 1978ರಲ್ಲಿ ಅಂಗೀಕೃತವಾಯಿತು. 1979ರಲ್ಲಿ ಜಾರಿಗೆ ಬಂತು. ಅದರಲ್ಲಿ ಏನೇನಿದೆಯೆಂದು ಕೇಳಿ. ಜೀವ ಮತ್ತು ಸ್ವಾತಂತ್ರ್ಯದ 21ನೆಯ ಕಲಮು, ಅಪರಾಧ ಶಿಕ್ಷೆಯ ವಿಷಯದ 20ನೆಯ ಕಲಮು, ಇವೆರಡರ ಬಾಗಿಲನ್ನು ತುರ್ತುಪರಿಸ್ಥಿತಿಯಲ್ಲಿಯೂ ಮುಚ್ಚುವಂತಿಲ್ಲ. ಒಳಗಿನ ಕ್ಷೋಭೆ ಎಂಬ ಸಡಿಲ ಮಾತನ್ನು ತೆಗೆದು ಸಶಸ್ತ್ರ ದಂಗೆ ಎಂದು ಬರೆದರು. ಮಂತ್ರಿಮಂಡಲದ ತೀರ್ಮಾನ ಬರಹದಲ್ಲಿ ಬಂದ ಹೊರತು ರಾಷ್ಟ್ರಪತಿಗಳು ಘೋಷಣೆ ಹೊರಡಿಸುವಂತಿಲ್ಲ. ಇನ್ನೂ ಒಂದು ಅಂಶ ನನಗೆ ಬಹಳ ಪ್ರಿಯವಾದುದು: ಲೋಕಸಭೆಯ ಹತ್ತನೆಯ ಒಂದು ಭಾಗದಷ್ಟು ಸದಸ್ಯರು ಬರೆದುಕೊಟ್ಟರೆ, ತುರ್ತುಪರಿಸ್ಥಿತಿ ಮುಂದುವರಿಯಬೇಕೆ ಎಂಬುದನ್ನು ಕುರಿತು ವಿಶೇಷ ಸಭೆ ಕರೆಯಲೇಬೇಕು. ಹತ್ತರಲ್ಲಿ ಒಂದು ಪಾಲು! ಅಲ್ಪಸಂಖ್ಯೆಯ ಮಾತಿಗೆ ಸಂವಿಧಾನವೇ ಕೊಟ್ಟ ಗಂಟೆಯ ಹಗ್ಗ ಅದು.

ಖನ್ನಾ ಅವರ ಒಂಟಿ ತೀರ್ಪೂ ವ್ಯರ್ಥವಾಗಲಿಲ್ಲ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಖಾಸಗಿತನವೂ ಮೂಲಭೂತ ಹಕ್ಕೆಂದು ಸಾರಿದಾಗ, ಜಬಲ್ಪುರದ ಹಳೆಯ ತೀರ್ಪನ್ನು ತಳ್ಳಿಹಾಕಲಾಯಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು.

ಕಾಮತರಂಥವರ ಬೆಲೆ ಏನೆಂಬುದನ್ನು ಮೊದಲು ಅರಿತವರು ಡಾಕ್ಟರ್ ಅಂಬೇಡ್ಕರರು. ಕರಡಿನ ಹೊಣೆ ಹೊತ್ತಿದ್ದವರು ಅವರೇ; ಕಾಮತರ ಪ್ರಶ್ನೆಗಳಿಂದ ಹೆಚ್ಚು ಕಿರಿಕಿರಿ ಅನುಭವಿಸಿದವರೂ ಅವರೇ. ದೇಶದ ಹೆಸರಿನ ಚರ್ಚೆಯಂದು, ಇಷ್ಟೆಲ್ಲ ಇತಿಹಾಸ ಬೇಕೆ ಎಂದು ನಡುವೆಯೇ ಕೇಳಿದ್ದರು. ಹಾಗಿದ್ದರೂ 1949ರ ನವೆಂಬರ್ 25ರ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ, ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಈ ಸಭೆಯ ನಡಾವಳಿ ಬಹಳ ನೀರಸವಾಗುತ್ತಿತ್ತು, ಪುಣ್ಯಕ್ಕೆ ಕೆಲವರು ಬಂಡಾಯಗಾರರಿದ್ದರು ಎಂದು ಹೇಳಿ, ಅವರ ಹೆಸರುಗಳನ್ನು ಎಣಿಸುವಾಗ ಮೊದಲು ಹೇಳಿದ್ದು ಕಾಮತರ ಹೆಸರನ್ನು. ಅವರು ಎತ್ತಿದ ಪ್ರಶ್ನೆಗಳಿಂದಲೇ ಸಂವಿಧಾನದ ತತ್ತ್ವಗಳನ್ನು ವಿವರಿಸುವ ಅವಕಾಶ ತಮಗೆ ದೊರೆಯಿತೆಂದು ಕೃತಜ್ಞತೆ ಸಲ್ಲಿಸಿದರು. ಎದುರಾಳಿಯಿಂದ ಬಂದ ಇಂಥ ಮೆಚ್ಚುಗೆ ಅಪರೂಪ. ಕೊಟ್ಟವರಿಗೂ ಗೌರವ, ಪಡೆದವರಿಗೂ ಗೌರವ.

ಸ್ವತಂತ್ರ ಭಾರತದ ಲೋಕಸಭೆಗೆ ಕಾಮತರು 1955ರ ಉಪಚುನಾವಣೆಯಲ್ಲಿ ಬಂದರು. 1962ರಲ್ಲಿ ಮತ್ತೆ ಬಂದರು. ಪ್ರಜಾ ಸಮಾಜವಾದಿ ಪಕ್ಷದವರಾಗಿ ಎದುರು ಸಾಲಿನಲ್ಲಿ ಕುಳಿತರು. ಆ ದಿನಗಳಲ್ಲಿ ಆಳುವ ಪಕ್ಷದ ಬಲ ಬೆಟ್ಟದಷ್ಟಿತ್ತು. 1963ರ ಆಗಸ್ಟ್‌ನಲ್ಲಿ ಆಚಾರ್ಯ ಕೃಪಲಾನಿಯವರು ತಂದ ಮೊಟ್ಟಮೊದಲನೆಯ ಅವಿಶ್ವಾಸ ಸೂಚನೆಗೆ ಬಿದ್ದ ಮತಗಳು 62; ವಿರುದ್ಧವಾಗಿ 347. ಎರಡು ನಾವೆ ತುಂಬುವಷ್ಟು ಜನರು ಒಂದು ಹಡಗಿನ ಎದುರು ಹುಟ್ಟು ಹಾಕುತ್ತಿದ್ದ ಕಾಲವದು. 1966ರಲ್ಲಿ ನೇಮಕವಾದ ಆಡಳಿತ ಸುಧಾರಣಾ ಆಯೋಗದಲ್ಲಿ ಕಾಮತರೂ ಸದಸ್ಯರಾದರು. ನಮ್ಮ ಕೆಂಗಲ್ ಹನುಮಂತಯ್ಯನವರೂ ಅದರಲ್ಲಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿಯೇ ಆಯೋಗ, ಪ್ರಜೆಗಳ ಅಹವಾಲು ಕೇಳಲು ಲೋಕಪಾಲ, ಲೋಕಾಯುಕ್ತ ಎಂಬ ಸ್ಥಾನಗಳಿರಬೇಕೆಂದು ಸಲಹೆ ಮಾಡಿತು. ಮಹಾರಾಷ್ಟ್ರ 1971ರಲ್ಲಿಯೂ, ಕರ್ನಾಟಕ 1984ರಲ್ಲಿಯೂ ಲೋಕಾಯುಕ್ತ ಕಾಯಿದೆ ಮಾಡಿದವು. ಕೇಂದ್ರದ ಲೋಕಪಾಲ ಕಾಯಿದೆಗೆ 2013ರವರೆಗೆ ಕಾಯಬೇಕಾಯಿತು. ಕಾಮತರು 1982ರಲ್ಲಿ ತೀರಿಕೊಂಡರು.

ರಾಜ್ಯೋತ್ಸವದ ದಿನ ನಾಡಿನೊಳಗಿನ ಒಂದು ಹೆಸರನ್ನೂ ಹೇಳದೆ ಹೋದರೆ ತಪ್ಪಾದೀತು. ತೀರ್ಥಹಳ್ಳಿ ಕಡೆಯ ಸಮಾಜವಾದಿ ಶಾಂತವೇರಿ ಗೋಪಾಲಗೌಡರು, ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಮೈಸೂರು ವಿಧಾನಸಭೆಗೆ ಬಂದರು. 1962ರಲ್ಲಿಯೂ 1967ರಲ್ಲಿಯೂ ಆರಿಸಿಬಂದರು. ಉಳುವವನಿಗೆ ಭೂಮಿ, ಕನ್ನಡದಲ್ಲಿ ಆಡಳಿತ, ನಾಡಿಗೆ ಕರ್ನಾಟಕವೆಂಬ ಹೆಸರು ಎಂದು ವಿರೋಧಪಕ್ಷದ ಬೆಂಚಿನಿಂದ ವಾದಿಸುತ್ತಲೇ ಇದ್ದರು. ನಾಡಿನ ಹೆಸರು ಮೈಸೂರು ಎಂದೇ ಉಳಿದಿತ್ತು. ಗೌಡರು 1972ರ ಜೂನ್ 9ರಂದು ತೀರಿಕೊಂಡರು. 1973ರ ನವೆಂಬರ್ 1ರಂದು ನಾಡಿಗೆ ಕರ್ನಾಟಕವೆಂದು ಹೆಸರಾಯಿತು. ಆ ಹೆಸರಿಗಾಗಿ ಶ್ರಮಿಸಿದವರು ಅನೇಕರು. ಹೆಸರಿಟ್ಟ ಕೀರ್ತಿ ಅಂದಿನ ಸರ್ಕಾರಕ್ಕೂ ಸಲ್ಲಬೇಕು. ಆದರೆ ನಾವು ಈ ದಿನ ಕರ್ನಾಟಕ ಎಂದು ಬಾಯಿತುಂಬ ಕರೆಯುವಾಗ, ಆ ಹೆಸರು ಬಹಳ ಕಾಲ ಸಭೆಯಲ್ಲಿ ಸೋತ ಹೆಸರಾಗಿತ್ತು ಎಂಬುದನ್ನು ನೆನೆಯಬೇಕು.

ಇಂದಿನ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಪಕ್ಷ ಎಂದು ಶಾಸಕರು ಹಾರಾಡುತ್ತಿದ್ದುದನ್ನು ತಡೆಯಲು ಆ ಕಟ್ಟು ಬೇಕಾಗಿತ್ತು, ನಿಜ. ಆದರೆ ಕಳ್ಳನಿಗೆ ಹಾಕಿದ ಬೇಲಿಯೊಳಗೆ ಮನೆಯವನೂ ಸಿಕ್ಕಿಬಿದ್ದಿದ್ದಾನೆ. ಅಂಬೇಡ್ಕರರು ಮೆಚ್ಚಿದ ಬಂಡಾಯಗಾರ ಇಂದು ತನ್ನ ಪಕ್ಷದ ವಿರುದ್ಧ ಕೈಯೆತ್ತಿದರೆ ಸ್ಥಾನಕ್ಕೇ ಸಂಚಕಾರ. ಹೀಗೆ ಮತ ಕಟ್ಟುಬಿದ್ದಿರುವ ಕಾಲದಲ್ಲಿ, ಮಸೂದೆಯನ್ನು ಓದಿ, ತಿದ್ದುಪಡಿ ಬರೆದು, ಎದ್ದು ಮಾತನಾಡುವ ಕೆಲಸಕ್ಕೆ ಬೆಲೆ ಇಮ್ಮಡಿಯಾಗಬೇಕು. ನಮ್ಮ ಪ್ರತಿನಿಧಿ ಗದ್ದಲ ಮಾಡಿ ಹೊರನಡೆದನೋ, ಕುಳಿತು ಕಲಮು ಕಲಮಾಗಿ ಓದಿ ಪ್ರಶ್ನಿಸಿದನೋ ಎಂದು ನಾವು ಕೇಳುತ್ತೇವೆಯೆ? ರಸ್ತೆ ಮಾಡಿಸಿದಿರಾ, ನೀರು ತರಿಸಿದಿರಾ ಎಂದು ಕೇಳುತ್ತೇವೆ; ಅದನ್ನೂ ಕೇಳಬೇಕು. ಸಭೆಯಲ್ಲಿ ಏನು ಓದಿದಿರಿ, ಏನು ತಿದ್ದಿದಿರಿ ಎಂದೂ ಕೇಳಬೇಕು. ಮತದಾರರು ಕೇಳದ ಕೆಲಸವನ್ನು ಯಾವ ಸದಸ್ಯನೂ ಬಹಳ ದಿನ ಮಾಡಲಾರ.

ಕೊನೆಯದಾಗಿ ನಮ್ಮ ವಿಷಯ. 1948ರವರೆಗೆ ಈ ಭೋರ್ ಪಂತ ಸಚಿವರ ಸಂಸ್ಥಾನವಾಗಿತ್ತು. ಇಲ್ಲಿನವರು ಒಬ್ಬ ಅರಸರ ಪ್ರಜೆಗಳಾಗಿದ್ದರು. ಕನ್ನಡನಾಡಿನ ಜಮಖಂಡಿ, ಮುಧೋಳ, ಸಂಡೂರುಗಳವರೂ ಹಾಗೆಯೇ ಇದ್ದರು. ಇಂದು ಭೋರಿನ ಹಳೆಯ ಮನೆತನದವರಿಗೂ, ಬಿಜಾಪುರದಿಂದಲೋ ಕಲಬುರಗಿಯಿಂದಲೋ ಬಂದು ಇಲ್ಲಿ ನೆಲೆಸಿ ಮತದಾರರ ಪಟ್ಟಿಗೆ ಸೇರಿದವರಿಗೂ ಒಂದೊಂದೇ ಮತ. ಎಣಿಕೆಯಲ್ಲಿ ನಾವು ಇಲ್ಲಿ ಎಂದೆಂದಿಗೂ ಕಡಿಮೆಯೇ. ಕೈ ಎ‌ಣಿಸಿದರೆ ಯಾವ ಸಭೆಯಲ್ಲಿಯೂ ನಾವು ಗೆಲ್ಲಲಾರೆವು. ಇದರಿಂದ ಎರಡು ತಪ್ಪುದಾರಿ ಹುಟ್ಟುತ್ತವೆ. ನಮಗೇಕೆ ಊರ ಉಸಾಬರಿ ಎಂದು ಬಾಗಿಲು ಹಾಕಿಕೊಂಡು ಕೂಡುವುದು ಒಂದು. ನಮ್ಮ ಗುಂಪೇ ಬೇರೆ ಎಂದು ಸೆಟೆದು ನಿಲ್ಲುವುದು ಇನ್ನೊಂದು. ಕಾಮತರು ಈ ಎರಡನ್ನೂ ಹಿಡಿಯಲಿಲ್ಲ. ತಮ್ಮನ್ನು ಆರಿಸಿದ ನೆಲದವರ ಮಾತಾಗಿ, ದೇಶದ ಎಲ್ಲರ ಹಕ್ಕಿಗಾಗಿ ಮಾತನಾಡಿದರು. ಅದರಿಂದ ಅವರು ಹೊರಗಿನವರಾಗಿ ಉಳಿಯಲಿಲ್ಲ.

ಮನೆಕೂಟಗಳ ಸಂಘದ ಸಭೆ ಇರಲಿ, ಮಕ್ಕಳ ಶಾಲೆಯ ಪಾಲಕರ ಸಭೆ ಇರಲಿ, ನಗರ ಪರಿಷತ್ತಿಗೆ ಕೊಡುವ ಮನವಿ ಇರಲಿ, ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆಯೇ ಇರಲಿ, ಕಾಗದವನ್ನು ಮೊದಲು ಓದಿಕೊಂಡು ಹೋಗೋಣ. ಲೆಕ್ಕಪತ್ರ ಮುಂದಿಟ್ಟಾಗ, ಇದೇನು ಎಂದು ಸಮಾಧಾನದಿಂದ ಕೇಳೋಣ. ನಮ್ಮ ಮಾತು ಸೋತರೆ, ಸೋತದ್ದನ್ನು ನಡಾವಳಿಯ ಪುಸ್ತಕದಲ್ಲಿ ಬರೆಯಿಸೋಣ. ಅದಕ್ಕಿಂತ ಹೆಚ್ಚಾಗಿ, ನಾವೇ ಬಹುಮತದಲ್ಲಿರುವ ಕಡೆ, ಎಂದರೆ ನಮ್ಮ ಸಂಘದೊಳಗೆ, ನಮ್ಮ ಮನೆಯೊಳಗೆ, ಒಬ್ಬರು ಬೇಡವೆಂದರೆ ಅವರನ್ನು ಗದರಿಸಿ ಕೂರಿಸದಿರೋಣ. ಪ್ರಶ್ನೆ ಕೇಳಿದ ಸೊಸೆಯೂ, ಲೆಕ್ಕ ಕೇಳಿದ ಯುವಕನೂ ನಮ್ಮ ಶತ್ರುಗಳಲ್ಲ. ಅವರು ಹೇಳುವುದು ತಪ್ಪಿರಬಹುದು. ಆದರೆ ಉತ್ತರ ಕೊಡುವ ಹೊತ್ತಿಗೆ ನಮ್ಮ ಕೆಲಸ ನಮಗೇ ಸ್ಪಷ್ಟವಾಗುತ್ತದೆ.

ಸಂವಿಧಾನ ಸಭೆಯ ನಡಾವಳಿಯ ಸಂಪುಟಗಳು ಈಗ ಯಾರಿಗೆ ಬೇಕಾದರೂ ಓದಲು ಸಿಗುತ್ತವೆ. ನಮ್ಮ ಮಕ್ಕಳಲ್ಲಿ ಒಬ್ಬರಿಬ್ಬರಾದರೂ ಅವನ್ನು ತೆರೆದು, ಮಂಗಳೂರಿನ ಈ ಹಿರಿಯರು ಎದ್ದುನಿಂತ ಪುಟಗಳನ್ನು ಓದಲಿ ಎಂದು ನನ್ನ ಬಿನ್ನಹ. ನಮ್ಮ ನಾಡಿಗೂ ನಮಗೆ ನೆಲೆಕೊಟ್ಟ ಈ ನಾಡಿಗೂ ಒಳಿತಾಗಲಿ.